ಓದಿ ಮುಗಿಸಿದವನಿಗೆ ಒಂದು ಗುದ್ದು

ನಮ್ಮ ಐಸ್ ಕಾರ್ಖಾನೆಯಲ್ಲಿ ಯಾರ ಅಭಿರುಚಿ ಹೇಗಿದೆ ಎಂಬುದನ್ನು ತೋಳು ನೋಡಿಯೇ ಹೇಳಬಹುದಿತ್ತು. ಒಳ್ಳೆಯ ಪುಸ್ತಕ ಹೇಳುವವನ ತೋಳು ಹುಟ್ಟುಬಣ್ಣದಲ್ಲೇ ಇರುತ್ತಿತ್ತು. ಸಾಧಾರಣ ಪುಸ್ತಕ ಹೇಳುವವನದ್ದು ಹಳದಿ, ಹಸಿರು. ನನ್ನದು ಬಹಳ ಕಾಲ ಬದನೆಕಾಯಿಯ ಬಣ್ಣಕ್ಕಿತ್ತು. ನಾನು ಅಲ್ಲಿಯ ಬಿಲ್ ಗುಮಾಸ್ತ. ಬಿಡುವಿನಲ್ಲಿ ನಗೆಬರಹ ಬರೆಯುವ ಚಟ. ಆ ಚಟದಿಂದ ನನಗೆ ಬಿದ್ದ ಏಟಿನ ಕತೆ ಹೇಗೂ ಬರುತ್ತದೆ. ಮೊದಲು ಗುದ್ದಣ್ಣನ ವಿಷಯ.

ಐಸ್ ಮಾಡುವುದು ತಣ್ಣನೆಯ ಕೆಲಸ ಎಂದು ಹೊರಗಿನವರು ತಿಳಿದಿರುತ್ತಾರೆ. ಒಳಗೆ ಬಂದು ನೋಡಬೇಕು. ನೆಲದಲ್ಲಿ ಹೂತಿಟ್ಟ ದೊಡ್ಡ ತೊಟ್ಟಿ, ಅದರ ತುಂಬ ಕೊರೆಯುವ ಉಪ್ಪುನೀರು, ಆ ನೀರಿನಲ್ಲಿ ಕತ್ತಿನವರೆಗೆ ಮುಳುಗಿ ನಿಂತ ತಗಡಿನ ಡಬ್ಬಿಗಳು. ಒಂದೊಂದು ಡಬ್ಬಿಯಲ್ಲೂ ಎದೆಯೆತ್ತರದ ಒಂದೊಂದು ಐಸ್ ಗಡ್ಡೆ. ಅದನ್ನು ಡಬ್ಬಿಯಿಂದ ಜಾರಿಸಿ, ಕಬ್ಬಿಣದ ಕೊಕ್ಕೆ ಹಾಕಿ, ಒದ್ದೆ ನೆಲದ ಮೇಲೆ ಎಳೆದು ಗಾಡಿಗೆ ಏರಿಸಬೇಕು. ಇಲ್ಲವೇ ಕ್ರಷರಿನ ಬಾಯಿಗೆ ಕೊಟ್ಟು ಪುಡಿ ಮಾಡಬೇಕು. ಗಡ್ಡೆ ಜಾರಿದರೆ ಕಾಲ್ಬೆರಳು ಹೋಯಿತು. ಕೊಕ್ಕೆ ತಪ್ಪಿದರೆ ಪಕ್ಕದವನ ಮಂಡಿ ಹೋಯಿತು. ಕ್ರಷರು ಒಬ್ಬನ ಅಂಗೈಯನ್ನೇ ತಿಂದು ಇನ್ನೂ ಹಸಿದುಕೊಂಡೇ ಇತ್ತು. ಅಮೋನಿಯಾದ ವಾಸನೆಗೆ ಎಲ್ಲರ ಕಣ್ಣೂ ಸದಾ ಉರಿಯುತ್ತಿತ್ತು. ಕಣ್ಣುರಿಯುವ ಗಂಡಸರು ಚೂಪಾದ ಕೊಕ್ಕೆ ಹಿಡಿದು ದಿನವಿಡೀ ಒಬ್ಬರ ದಾರಿಗೆ ಒಬ್ಬರು ಅಡ್ಡ ಬಂದರೆ ಏನಾಗಬೇಕೋ ಅದು ದಿನಾ ಆಗುತ್ತಿತ್ತು. ನಾನು ಕೆಲಸಕ್ಕೆ ಸೇರಿದಾಗ ಕಚೇರಿಯ ಕಪಾಟಿನಲ್ಲಿ ಬಿಲ್ ಪುಸ್ತಕಗಳಿಗಿಂತ ಟಿಂಚರ್ ಸೀಸೆಗಳೇ ಹೆಚ್ಚಿದ್ದವು.

ಆ ಕೊಕ್ಕೆಯವರ ಮೇಲಾಳು ಗುದ್ದಣ್ಣ. ಅವನ ಅಪ್ಪನೂ ಅಲ್ಲೇ ಗಡ್ಡೆ ಎಳೆದವನು. ಗಡ್ಡೆಯ ಮೇಲೆ ತೀರಿಸಲಾಗದ ಸಿಟ್ಟನ್ನು ಮಗನ ಮೇಲೆ ತೀರಿಸಿದವನು. ಮಗ ಏಟು ತಿನ್ನುತ್ತಾ ಬೆಳೆದ. ಬೆಳೆದ ಮೇಲೆ ತಿಂದದ್ದನ್ನೆಲ್ಲ ಊರಿಗೆ ಹಂಚಿದ. ಅವನ ಬಲಮುಷ್ಟಿ ಸಣ್ಣ ಮಗುವಿನ ತಲೆಯಷ್ಟಿತ್ತು. ಜಗಳಕ್ಕೆ ಮುಂಚೆ ಬೈಯುವುದು, ತಳ್ಳುವುದು, ಅಂಗಿ ಹಿಡಿಯುವುದು ಮುಂತಾದ ಪೀಠಿಕೆಗಳು ಅವನಿಗೆ ಗೊತ್ತಿರಲಿಲ್ಲ. ನೇರ ವಿಷಯಕ್ಕೆ ಬರುತ್ತಿದ್ದ. ನನ್ನಂತಹ ಬರಹಗಾರರು ಅವನಿಂದ ಕಲಿಯಬೇಕಾದದ್ದು ಬಹಳ ಇತ್ತು, ದೂರ ನಿಂತು.

ಒಂದು ದಿನ ಗಾಡಿ ನಿಲ್ಲುವ ಕಟ್ಟೆಯ ಹತ್ತಿರ ಒಬ್ಬ ವ್ಯಾನ್ ಡ್ರೈವರ್ ಸಾಲು ತಪ್ಪಿಸಿ ಒಳಗೆ ನುಗ್ಗಿದ. ನುಗ್ಗುವಾಗ, ಪುಡಿ ಐಸಿಗೆ ನಿಂತಿದ್ದ ಒಬ್ಬ ಹೆಂಗಸಿನ ಬುಟ್ಟಿಯನ್ನು ಕಾಲಿನಿಂದ ಸರಿಸಿದ. ಆ ಹೆಂಗಸು ಮೀನು ಮಾರುವವಳು, ಗುದ್ದಣ್ಣನ ಹೆಂಡತಿ. ನಾವೆಲ್ಲ ಅವಳನ್ನು ಮೀನಕ್ಕ ಎನ್ನುತ್ತಿದ್ದೆವು. ಆಮೇಲೆ ನಡೆದದ್ದು ಒಂದೇ ಗುದ್ದು. ಡ್ರೈವರನ ದವಡೆ ಮುರಿಯಿತು. ಎಡಗಿವಿಯಿಂದ ರಕ್ತ ಇಳಿಯಿತು, ಮತ್ತೆ ಆ ಕಿವಿಗೆ ಏನೂ ಕೇಳಿಸಲಿಲ್ಲ. ಹಾಗೆ ಬಿದ್ದವನ ಪಕ್ಕೆಗೆ ಗುದ್ದಣ್ಣ ಇನ್ನೆರಡು ಒದೆ ಕೊಟ್ಟ. ಅದು ಬೇಕಾಗಿರಲಿಲ್ಲ ಎಂದು ಅವನೇ ಆಮೇಲೆ ಹೇಳುತ್ತಿದ್ದ. ಕೇಸಾಯಿತು, ಜೈಲಾಯಿತು. ಮೀನಕ್ಕ ಮಗಳನ್ನು ಕಟ್ಟಿಕೊಂಡು ತಾಯಿಯ ಮನೆಗೆ ಹೋದಳು. ನನ್ನ ಬುಟ್ಟಿಗಾಗಿ ಹೊಡೆದನಲ್ಲ ಎಂದು ಅವಳು ಹೆಮ್ಮೆಪಡಬಹುದಿತ್ತು. ಆದರೆ ಆ ಡ್ರೈವರನ ತಾಯಿ ಆಸ್ಪತ್ರೆಯಲ್ಲಿ ಮಗನ ಬಾಯಿಗೆ ಚಮಚದಲ್ಲಿ ಗಂಜಿ ಬಿಡುವುದನ್ನು ಅವಳು ಹೋಗಿ ನೋಡಿ ಬಂದಿದ್ದಳು.

ಗಂಡ ಜೈಲಿನಿಂದ ಬಂದ ಮೇಲೆ ಅವಳೂ ಬಂದಳು. ಹೊಸ್ತಿಲು ದಾಟುವ ಮೊದಲು ಒಂದೇ ಮಾತು ಹೇಳಿದಳಂತೆ.

“ಇನ್ನೊಂದ್ಸಲ ಕೈ ಎತ್ತಿದ ದಿನ ನಾನು ಹೊರಟೆ. ಯಾರ ಮೇಲೆ, ಯಾಕೆ ಅಂತ ಕೇಳಲ್ಲ. ಮಗಳೂ ನನ್ನ ಜೊತೆಗೇ.”

ಗುದ್ದಣ್ಣ ಆಗಲಿ ಎಂದ. ಆ ಮುಷ್ಟಿಗೆ ಬೇರೆ ಯಾವ ಕೆಲಸವೂ ಬರುತ್ತಿರಲಿಲ್ಲ ಎಂಬುದನ್ನು ನೆನೆದರೆ ಅದು ಸಣ್ಣ ಮಾತಲ್ಲ.

ಅವನಿಗೆ ಓದು ಹತ್ತಿದ್ದು ಆಗ. ಅದಕ್ಕೆ ಕಾರಣ ನಾನೇ ಎಂದು ಹೇಳಿಕೊಳ್ಳಬಹುದಿತ್ತು, ನಡೆದದ್ದು ಬೇರೆ ರೀತಿ. ನನ್ನ ಮೊದಲ ನಗೆಬರಹದ ಪುಸ್ತಕದ ಮಾರಾಟವಾಗದ ಪ್ರತಿಗಳು ಕಚೇರಿಯಲ್ಲಿ ನನ್ನ ಮೇಜಿನ ಕುಂಟುಗಾಲಿಗೆ ಆಸರೆಯಾಗಿದ್ದವು. ಮಧ್ಯಾಹ್ನದ ಬಿಡುವಿನಲ್ಲಿ ಅವನು ಕೈ ಕೈ ಹಿಸುಕಿಕೊಂಡು ಕೂರುವುದನ್ನು ನೋಡಲಾರದೆ ಒಂದನ್ನು ಎಳೆದುಕೊಟ್ಟೆ. ಒಂದು ವಾರ ಬಿಟ್ಟು ಕಿಟಕಿಗೆ ಬಂದ. ಮೇಜಿನ ಭಾರಕ್ಕೆ ಪುಸ್ತಕದ ಹೊದಿಕೆ ಹರಿದುಹೋಗಿದ್ದರಿಂದ ಅದರ ಮೇಲೆ ಯಾರ ಹೆಸರೂ ಇರಲಿಲ್ಲ.

“ಗುಮಾಸ್ತ್ರೇ, ಇದನ್ನ ಬರೆದವನ ಮನೆ ಎಲ್ಲಿ ಬರುತ್ತೆ?”

ಜೀವಮಾನದಲ್ಲಿ ಮೊದಲ ಸಲ ಒಬ್ಬ ಓದುಗ ನನ್ನ ವಿಳಾಸ ಕೇಳುತ್ತಿದ್ದ. ಯಾಕಪ್ಪ ಎಂದೆ, ಮುಖ ಅರಳಿಸಿಕೊಂಡು.

“ಮಾತು ಕೊಟ್ಟಿದೀನಿ. ಇಲ್ಲಾಂದ್ರೆ ಹೋಗಿ ಬರ್ತಿದ್ದೆ.”

ಆಮೇಲೆ ಅವನು ನನ್ನನ್ನು ನಂಬಲಿಲ್ಲ. ಮೀನು ಮಾರುಕಟ್ಟೆಯ ಹಿಂದಿನ ಲೈಬ್ರರಿಗೆ ತಾನೇ ಹೋಗತೊಡಗಿದ. ಓದಿ ಇಷ್ಟವಾದದ್ದನ್ನು ತನ್ನ ಮುಚ್ಚಳದ ಅಡಿಯಲ್ಲಿ ಬರೆದುಕೊಂಡ. ತೊಟ್ಟಿಯ ಒಂದೊಂದು ಡಬ್ಬಿಗೂ ಒಂದೊಂದು ಹಲಗೆಯ ಮುಚ್ಚಳ ಇರುತ್ತದೆ. ಕೆಲಸದವರು ಆ ಮುಚ್ಚಳಗಳ ಮೇಲೇ ಓಡಾಡುವುದು. ಮೇಲೆ ಬರೆದರೆ ಬೂಟಿಗೆ ಅಳಿಸಿಹೋಗುತ್ತದೆಂದು ಅಡಿಯಲ್ಲಿ, ಡಬ್ಬಿಗೆ ಗುರುತು ಹಾಕುವ ಎಣ್ಣೆಬಣ್ಣದಲ್ಲಿ ಬರೆದ. ಪುಸ್ತಕದ ಹೆಸರು ಅವನಿಗೆ ನೆನಪಿರುತ್ತಿರಲಿಲ್ಲ. ‘ಕುದುರೆ ಸತ್ತದ್ದು.’ ‘ಮುದುಕಿ ಕೋರ್ಟಿಗೆ ಹೋಗೋದು.’ ‘ನೀಲಿ ರಟ್ಟು, ಮೊದಲು ಬೇಜಾರು, ಆಮೇಲೆ ಸರಿ.’ ಆ ಪಟ್ಟಿ ಹಿಡಿದು ಹೋದರೂ ಲೈಬ್ರರಿಯವರು ಸರಿಯಾದ ಪುಸ್ತಕವನ್ನೇ ಕೊಡುತ್ತಿದ್ದರು.

ಉಳಿದವರು ಮೊದಲು ನಕ್ಕರು. ಆಮೇಲೆ ಒಬ್ಬ ‘ಕುದುರೆ ಸತ್ತದ್ದು’ ಓದಿ ಬಂದು, ಕುದುರೆ ಸಾಯುವುದಕ್ಕೆ ಇಷ್ಟು ಪುಟ ಬೇಕಾ, ನನ್ನ ಒಂದು ಭಾನುವಾರ ಹಾಳು ಮಾಡಿದೆ ಎಂದು ಕೊಕ್ಕೆ ಎತ್ತಿದ. ಗುದ್ದಣ್ಣ ಕೂತಲ್ಲಿಂದಲೇ ತೋಳಿನ ಅಂಗಿ ಮಡಚಿದ.

“ಕೊಕ್ಕೆ ಬಿಡು. ಹೇಳಿದ್ದು ನಾನು. ಓದಿ ಮುಗಿಸಿದೀಯ, ಇಷ್ಟ ಆಗಿಲ್ಲ. ತೋಳಿಗೆ ಒಂದು ಕೊಟ್ಟು ಹೋಗು.”

ಅವನು ಕೊಟ್ಟ. ನಮ್ಮಲ್ಲಿ ಪದ್ಧತಿ ಹುಟ್ಟಿದ್ದು ಆ ಏಟಿನಿಂದ. ಗುದ್ದಣ್ಣನಿಗೆ ಒಂದು ಬಾರಿಸಬೇಕೆಂದು ವರ್ಷಗಟ್ಟಲೆ ಹಲ್ಲು ಕಚ್ಚಿಕೊಂಡಿದ್ದವರು ಕಾರ್ಖಾನೆಯ ತುಂಬ ಇದ್ದರು. ಮಾರನೆಯ ದಿನವೇ ಅವರೆಲ್ಲ ಲೈಬ್ರರಿಗೆ ಓಡಿದರು. ಸಾಕ್ಷರತೆಯ ಬಗ್ಗೆ ಎಷ್ಟೋ ಭಾಷಣ ಕೇಳಿದ್ದೇನೆ. ಒಬ್ಬರೂ ಈ ಉಪಾಯ ಹೇಳಿರಲಿಲ್ಲ. ಕ್ರಮೇಣ ಎಲ್ಲರೂ ತಮ್ಮ ತಮ್ಮ ಮುಚ್ಚಳದಡಿ ಪಟ್ಟಿ ಬರೆದರು. ಯಾರ ಮುಚ್ಚಳವನ್ನು ಯಾರು ಬೇಕಾದರೂ ಎತ್ತಿ ನೋಡಬಹುದು. ಕೊನೆಯ ಪುಟದವರೆಗೆ ಓದಿರಬೇಕು. ಚೆನ್ನಾಗಿಲ್ಲ ಎಂದರೆ ಯಾಕೆ ಎಂದು ಹೇಳಬೇಕು. ಆಮೇಲೆ ಮುಷ್ಟಿಯಿಂದ ಒಂದೇ ಏಟು. ಚೆನ್ನಾಗಿದ್ದರೆ ತನ್ನ ಮುಚ್ಚಳಕ್ಕೂ ಅದನ್ನು ಬರೆದುಕೊಳ್ಳಬೇಕು, ಅಲ್ಲಿಂದ ಮುಂದೆ ಅದರ ಏಟು ಅವನಿಗೂ. ನಿಜವಾಗಿ ಓದಿದ್ದಾನೋ ಇಲ್ಲವೋ ಎಂದು ಪ್ರಶ್ನೆ ಕೇಳಿ ತೀರ್ಪು ಕೊಡುವ ಕೆಲಸ ನನಗೆ ಬಂತು. ಓದದೆಯೇ ಓದಿದಂತೆ ಮಾತಾಡುವ ವಿದ್ಯೆ ಬಲ್ಲವನು ಅಲ್ಲಿ ನಾನೊಬ್ಬನೇ. ಕಳ್ಳನನ್ನು ಹಿಡಿಯಲು ಕಳ್ಳನೇ ಬೇಕು.

ನಾನೂ ಒಂದು ಮುಚ್ಚಳ ಗುತ್ತಿಗೆ ಹಿಡಿದು, ಮೊದಲ ಸಾಲಿನಲ್ಲೇ ನನ್ನ ಪುಸ್ತಕವನ್ನು ಹಾಕಿದೆ. ಬದನೆಕಾಯಿಯ ವಿಷಯ ಆಗಲೇ ಹೇಳಿದೆನಲ್ಲ. ಒಬ್ಬ ಓದಿ ಮುಗಿಸಿ ಹೊಡೆದ. ಇನ್ನೊಬ್ಬ, ಹೊಡೆಯುವ ಆಸೆಗೆ ಅದೇ ಪುಸ್ತಕವನ್ನು ಎರಡನೇ ಸಲ ಓದಿದ. ಮರುಓದಿಗೆ ದಕ್ಕುವ ಕೃತಿ ಎಂದು ನಾನು ಸಮಾಧಾನಪಟ್ಟುಕೊಂಡೆ.

ಗುದ್ದಣ್ಣ ಮಾತ್ರ ಏಟು ತೆಗೆದುಕೊಳ್ಳುತ್ತಿದ್ದನೇ ಹೊರತು ಯಾವತ್ತೂ ಕೊಡುತ್ತಿರಲಿಲ್ಲ. ಇಷ್ಟವಾಗದ ಪುಸ್ತಕ ಸಿಕ್ಕರೂ ನನ್ನದು ಬಾಕಿ ಇರಲಿ ಎಂದು ನಕ್ಕು ಹೋಗುತ್ತಿದ್ದ. ಯಾಕೆಂದು ಯಾರೂ ಕೇಳಲಿಲ್ಲ. ಆ ಮುಷ್ಟಿಯ ಬಾಕಿಯನ್ನು ವಸೂಲಿ ಮಾಡಿಕೋ ಎಂದು ಒತ್ತಾಯಿಸುವ ಹುಂಬ ನಮ್ಮಲ್ಲಿ ಇರಲಿಲ್ಲ, ಕಿವಿತಮ್ಮ ಬರುವವರೆಗೆ.

ಕಿವಿತಮ್ಮ ಎಂದರೆ ಕಿವಿ ಹೋದ ಡ್ರೈವರನ ಖಾಸಾ ತಮ್ಮ. ಬಿದಿರುಕೋಲಿನಂತಹ ಮೈ, ಉದ್ದನೆಯ ತೋಳು, ಗಲ್ಲದಡಿ ಚಾಕುವಿನ ಹಳೆ ಗಾಯ. ನಮ್ಮಲ್ಲಿ ಕೆಲಸಕ್ಕೆ ಸೇರಿದ ದಿನವೇ, ಕೊಟ್ಟ ಹೊಸ ಕೊಕ್ಕೆಯನ್ನು ಹಿಡಿದು ನೇರ ಗುದ್ದಣ್ಣನ ಮುಂದೆ ಬಂದು ನಿಂತ. ನಾನು ಇಂಥವನ ತಮ್ಮ, ಲೆಕ್ಕ ಚುಕ್ತಾ ಮಾಡಲು ಬಂದಿದ್ದೇನೆ ಎಂದ. ಗುದ್ದಣ್ಣ ಎದ್ದು ನಿಂತು ಕೈ ಹಿಂದೆ ಕಟ್ಟಿಕೊಂಡು, ಹೊಡಿ ಎಂದ. ಆದರೆ ನಮ್ಮ ಕೊಕ್ಕೆಯವರು ಬಿಡಲಿಲ್ಲ. ಅವರಿಗೆ ಗುದ್ದಣ್ಣನ ಮೇಲಿನ ಪ್ರೀತಿಗಿಂತ ನ್ಯಾಯದ ಪ್ರಶ್ನೆ ದೊಡ್ಡದಾಗಿತ್ತು: ತಾವೆಲ್ಲ ಉರಿಯುವ ಕಣ್ಣು ಬಿಡಿಸಿಕೊಂಡು ಅಕ್ಷರ ಕೂಡಿಸಿ ಸಂಪಾದಿಸಿದ ಏಟನ್ನು ಇವನು ಬಿಟ್ಟಿಯಾಗಿ ಹೊಡೆಯುವುದೆಂದರೇನು?

“ಇಲ್ಲಿ ಓದದೆ ಹೊಡೆಯೋ ಹಾಗಿಲ್ಲ ಕಣಯ್ಯ,” ಎಂದ ಒಬ್ಬ. “ಪುಸ್ತಕಕ್ಕೆ ಒಂದು.”

ಹೊಡೆದರೆ ಕೆಲಸ ಹೋಗುತ್ತದೆ, ಸುತ್ತ ಅಷ್ಟು ಕೊಕ್ಕೆಗಳಿವೆ ಎಂಬುದನ್ನೂ ಅವನು ನೋಡಿಕೊಂಡಿರಬೇಕು. ಪಟ್ಟಿ ಎಷ್ಟು ಉದ್ದ ಇದೆ ಎಂದು ಕೇಳಿದ. ಗುದ್ದಣ್ಣ ತನ್ನ ಮುಚ್ಚಳವನ್ನು ಎತ್ತಿ ತಿರುವಿ ಹಿಡಿದ. ತೊಟ್ಟಿಯಿಂದ ತಣ್ಣನೆಯ ಹಬೆ ಎದ್ದು ಇಬ್ಬರ ಮುಖಕ್ಕೂ ಬಡಿಯಿತು. ಹಲಗೆಯ ಈ ತುದಿಯಿಂದ ಆ ತುದಿಯವರೆಗೆ ತುಂಬಿದ್ದ ಸಾಲುಗಳನ್ನು ನೋಡಿ ಕಿವಿತಮ್ಮನ ಕಣ್ಣು ಹೊಳೆಯಿತು. ಪಟ್ಟಿಯ ಉದ್ದ ನೋಡಿ ಅಷ್ಟು ಸಂತೋಷಪಟ್ಟ ಓದುಗನನ್ನು ನಾನು ಮತ್ತೆ ಕಂಡಿಲ್ಲ.

ಅವನಿಗೆ ಓದು ಸಲೀಸಾಗಿ ಬರುತ್ತಿರಲಿಲ್ಲ. ಬೆರಳಿಟ್ಟು, ತುಟಿ ಆಡಿಸಿಕೊಂಡು, ಹಲ್ಲು ಕಚ್ಚಿಕೊಂಡು ಓದುತ್ತಿದ್ದ. ಆದರೆ ದ್ವೇಷದಷ್ಟು ಒಳ್ಳೆಯ ಮೇಷ್ಟ್ರು ಇನ್ನೊಬ್ಬರಿಲ್ಲ. ತೆಳುವಾದ ಒಂದು ಪುಸ್ತಕ ಮುಗಿಸಿ ಅಂಗಳಕ್ಕೆ ಬಂದ. ನಾನು ಪ್ರಶ್ನೆ ಕೇಳಿದೆ, ಸರಿಯಾಗಿ ಹೇಳಿದ. ಯಾಕೆ ಚೆನ್ನಾಗಿಲ್ಲ ಎಂದೆ. ಹೊಡೆಯಬೇಕು, ಅದಕ್ಕೆ ಎಂದ. ಅದು ಕಾರಣವಲ್ಲ ಎಂದು ವಾಪಸು ಕಳಿಸಿದೆ. ಅವನ ಕಣ್ಣು ನೋಡಿ ಆಮೇಲೆ ಎರಡು ದಿನ ಹಿಂಬಾಗಿಲಿನಿಂದ ಮನೆಗೆ ಹೋದೆ. ಮೂರನೆಯ ದಿನ ಕಾರಣ ತಂದ: “ಅವಳು ಶುರುವಿಗೇ ಬೇಡ ಅಂದಳು. ಕಡೇವರೆಗೂ ಅದನ್ನೇ ಕೇಳ್ತಾನೆ. ಇವನಿಗೆ ಕಿವಿ ಇಲ್ವಾ?” ಕಿವಿ ಎಂದ ಕೂಡಲೇ ಹೊಡೆದ. ಗುದ್ದಣ್ಣ ಕ್ರಷರಿನ ಕಟ್ಟೆಗೆ ಹೋಗಿ ಬಡಿದುಕೊಂಡು, ಮೊಣಕೈ ಒಡೆದುಕೊಂಡು, ಎದ್ದು, ಮುಂದಿನದ್ದು ದಪ್ಪ ಇದೆ, ನಿಧಾನವಾಗಿ ಓದು ಎಂದ.

ಹೀಗೆ ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯಿತು. ಕಿವಿತಮ್ಮನ ಗೆಣ್ಣುಗಳು ದಡ್ಡುಗಟ್ಟಿದವು. ಗುದ್ದಣ್ಣನ ತೋಳಿನ ಮೂಳೆ ಒಮ್ಮೆ ಬಿರುಕು ಬಿಟ್ಟಿತು. ಅದು ಕೂಡುವವರೆಗೆ ಇನ್ನೊಂದು ತೋಳನ್ನು ಕೊಟ್ಟ. ಮೀನಕ್ಕ ದಿನಾ ಉಪ್ಪಿನ ಶಾಖ ಕೊಡುತ್ತಿದ್ದಳಂತೆ. ಏಟು ತಿನ್ನಬಾರದೆಂದು ಅವಳು ಯಾವತ್ತೂ ಹೇಳಿರಲಿಲ್ಲ. ತಿಂದು ಮುಗಿಸು, ಆ ಹುಡುಗನದ್ದೂ ಮುಗಿಯಲಿ ಎನ್ನುತ್ತಿದ್ದಳಂತೆ. ವಿಚಿತ್ರವೆಂದರೆ ಕಿವಿತಮ್ಮನ ಕಾರಣಗಳು ಉದ್ದವಾಗುತ್ತಾ ಹೋದವು. ಮೊದಮೊದಲು ಒಂದು ಮಾತು ಹೇಳಿ ಹೊಡೆಯುತ್ತಿದ್ದವನು ಈಗ ಅಂಗಳದಲ್ಲಿ ಅತ್ತಿತ್ತ ನಡೆಯುತ್ತಾ, ಈ ಮುದುಕಿ ಕೋರ್ಟಿಗೆ ಹೋಗುವ ಮೊದಲು ಮಗನನ್ನು ಯಾಕೆ ಕೇಳಲಿಲ್ಲ, ಲೇಖಕನಿಗೆ ಮಗ ಇರುವುದೇ ಮರೆತುಹೋಗಿದೆ ಎಂದು ಅರ್ಧ ಗಂಟೆ ವಾದಿಸಿ, ಗಡ್ಡೆಗಳು ಕರಗತೊಡಗಿದ ಮೇಲೆ ಹೊಡೆಯುತ್ತಿದ್ದ. ಆದರೆ ಏಟಿನ ತೂಕ ಮಾತ್ರ ಕಡಿಮೆಯಾಗಲಿಲ್ಲ. ಓದಿ ಮನುಷ್ಯ ಮೃದುವಾಗುತ್ತಾನೆ ಎಂದು ಹೇಳುವವರು ಅವನ ಎದುರು ಒಮ್ಮೆ ತೋಳು ಚಾಚಬೇಕಿತ್ತು.

ಅವನ ಸ್ವಂತ ಮುಚ್ಚಳ ಅಷ್ಟು ದಿನವೂ ಖಾಲಿ ಇತ್ತು. ಶತ್ರುವಿನ ಪಟ್ಟಿಯ ಯಾವ ಪುಸ್ತಕವನ್ನೂ ಅವನು ಚೆನ್ನಾಗಿದೆ ಎಂದಿರಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಅದರಡಿ ಒಂದು ಸಾಲು ಬಿದ್ದಿತ್ತು: ‘ಅಣ್ಣ ತಮ್ಮ. ರೈಲ್ವೆ ಸ್ಟೇಷನ್.’ ಲೈಬ್ರರಿಯಲ್ಲಿ ತಾನೇ ಹುಡುಕಿಕೊಂಡದ್ದಂತೆ. ಯಾರಾದರೂ ಓದಲಿ, ಒಬ್ಬನೇ ಒಬ್ಬ ಚೆನ್ನಾಗಿಲ್ಲ ಅನ್ನಲಿ ನೋಡೋಣ ಎಂದು ಎಲ್ಲರ ಎದುರು ಹೇಳಿದ. ಹೇಳುವಾಗ ಅವನ ದನಿ ಸ್ವಲ್ಪ ನಡುಗಿತು; ನನ್ನ ಪುಸ್ತಕ ಅಚ್ಚಾಗಿ ಬಂದ ದಿನ ನನ್ನದೂ ಹಾಗೇ ನಡುಗಿತ್ತು.

ಆ ಪುಸ್ತಕವನ್ನು ಮೊದಲು ತೆಗೆದುಕೊಂಡವನು ಗುದ್ದಣ್ಣ. ನನ್ನ ಪಟ್ಟಿಯನ್ನು ಅವನು ಓದುತ್ತಿದ್ದಾನೆ, ಅವನದನ್ನು ನಾನು ಓದದಿದ್ದರೆ ಮರ್ಯಾದೆಯಲ್ಲ ಎಂದ. ದಿನಗಳು ಕಳೆದಂತೆ ಅವನ ಮುಖ ಗಂಟಾಗುತ್ತಾ ಬಂತು. ಹೇಗಿದೆ ಎಂದು ನಾನು ಕೇಳಿದರೆ, ಇನ್ನೂ ಸ್ವಲ್ಪ ಇದೆ ಎಂದು ಮಾತು ತಿರುಗಿಸುತ್ತಿದ್ದ.

ಅವನು ಓದಿ ಮುಗಿಸಿ ಬಂದ ಬೆಳಿಗ್ಗೆ ಅಂಗಳದಲ್ಲಿ ಆಗಷ್ಟೇ ತೆಗೆದ ಗಡ್ಡೆಗಳು ಸಾಲಾಗಿ ನಿಂತಿದ್ದವು. ಕೊಕ್ಕೆಯವರೆಲ್ಲ ಸುತ್ತ ಸೇರಿದರು. ಕಿವಿತಮ್ಮ ಗಡ್ಡೆ ಎಳೆಯುತ್ತಿದ್ದವನು ಕೊಕ್ಕೆಯನ್ನು ಕೈಯಲ್ಲೇ ಹಿಡಿದು ಬಂದ. ನಾನು ಪ್ರಶ್ನೆ ಕೇಳಿದೆ, ಗುದ್ದಣ್ಣ ಸರಿಯಾಗಿ ಹೇಳಿದ. ಆಮೇಲೆ, ಹೇಗಿದೆ ಎಂದೆ.

ಗುದ್ದಣ್ಣ ಕಿವಿತಮ್ಮನ ಮುಖ ನೋಡಿದ. ನೆಲ ನೋಡಿದ.

“ಚೆನ್ನಾಗಿದೆ,” ಎಂದ.

ಅವನಿಗೆ ಒಂದು ಪುಸ್ತಕ ಇಷ್ಟವಾದರೆ ಅವನ ಮಾತು ನಿಲ್ಲಿಸಲು ಇಬ್ಬರು ಬೇಕಾಗುತ್ತಿತ್ತು; ಊಟದ ಡಬ್ಬಿ ಮುಚ್ಚಿ, ನಲ್ಲಿಯಲ್ಲಿ ಕೈ ತೊಳೆದ ಮೇಲೂ ಅದನ್ನೇ ಹೇಳುತ್ತಿದ್ದ. ಒಂದೇ ಮಾತಿನಲ್ಲಿ ಮುಗಿಸಿದ್ದು ಅದೇ ಮೊದಲು. ಸುಳ್ಳು ಎಂದು ಅಂಗಳದಲ್ಲಿದ್ದ ಬೆಕ್ಕಿಗೂ ಗೊತ್ತಾಯಿತು. ಕಿವಿತಮ್ಮ ಒಂದು ಹೆಜ್ಜೆ ಮುಂದೆ ಬಂದ.

“ಯಾವುದು ಚೆನ್ನಾಗಿದೆ?”

“ಎಲ್ಲಾ.”

“ಯಾವುದು, ಹೇಳು.”

ಗುದ್ದಣ್ಣ ಪಕ್ಕದ ಗಡ್ಡೆಯ ಕಡೆ ತಿರುಗಿದ.

“ಭಿಕ್ಷೆ ಹಾಕ್ತಿದೀಯಾ ನನಗೆ? ನಮ್ಮಣ್ಣನಿಗೆ ಹೊಡೆಯೋವಾಗ ಕೈ ಬಂತು. ನಿನ್ನ ಏಟಿಗೂ ನನ್ನ ಯೋಗ್ಯತೆ ಸಾಲದಾ?”

ಕೊಕ್ಕೆ ಯಾವಾಗ ಮೇಲೆ ಹೋಯಿತೋ ನೋಡಲಿಲ್ಲ, ಇಳಿದದ್ದನ್ನು ನೋಡಿದೆ. ಗುದ್ದಣ್ಣನ ಬಲಭುಜದ ಹಿಂದೆ ಅದು ಕಚ್ಚಿಕೊಂಡಿತು. ಗಡ್ಡೆ ಎಳೆದ ಹಾಗೆಯೇ ಕಿವಿತಮ್ಮ ಎಳೆದ. ಅಷ್ಟು ದೊಡ್ಡ ಆಳು ಮಂಡಿಯೂರಿ, ಆಮೇಲೆ ಪಕ್ಕಕ್ಕೆ ಬಿದ್ದು, ಒದ್ದೆ ನೆಲದ ಮೇಲೆ ಜಾರುತ್ತಾ ಹೋದ. ಹಿಂದೆ ಕೆಂಪು ಪಟ್ಟೆ ಮೂಡಿತು. ಹೊಡಿ, ಹೊಡಿ ಎಂದು ಕಿವಿತಮ್ಮ ಕೂಗುತ್ತಾ ಅವನ ಪಕ್ಕೆಗೆ ಒದೆಯುತ್ತಿದ್ದ. ಗುದ್ದಣ್ಣನ ಬಲಮುಷ್ಟಿ ತಾನಾಗಿಯೇ ಕಟ್ಟಿಕೊಂಡದ್ದನ್ನು ನಾವೆಲ್ಲ ಕಂಡೆವು. ಕೊಕ್ಕೆಯವರು ಒಂದು ಹೆಜ್ಜೆ ಹಿಂದೆ ಸರಿದರು. ನಾನು ಆಗಲೇ ಕಚೇರಿಯ ಬಾಗಿಲ ಹಿಂದೆ ಸೇರಿದ್ದೆ, ನನಗೆ ಅದಕ್ಕಿಂತ ಹಿಂದೆ ಸರಿಯಲು ಜಾಗವಿರಲಿಲ್ಲ. ಗುದ್ದಣ್ಣ ಆ ಮುಷ್ಟಿಯನ್ನು ಪಕ್ಕದ ಗಡ್ಡೆಗೆ ಒತ್ತಿ ಹಿಡಿದ. ಬರಿಗೈಯಿಂದ ಐಸ್ ಒತ್ತಿ ಹಿಡಿದವರಿಗೆ ಅದು ಹೇಗೆ ಸುಡುತ್ತದೆಂದು ಗೊತ್ತು. ಒದೆ ಬಿದ್ದಷ್ಟೂ ಇನ್ನಷ್ಟು ಒತ್ತಿದ. ಎತ್ತಿದರೆ ಹೆಂಡತಿ ಹೋದಳು, ಮಗಳು ಹೋದಳು; ಎತ್ತದಿದ್ದರೆ ಇವನು ಕೊಂದೇ ಬಿಡುತ್ತಾನೆ.

ಮೀನಕ್ಕ ದಿನದಂತೆ ಪುಡಿ ಐಸಿಗೆ ಬುಟ್ಟಿ ಹಿಡಿದು ಬಂದದ್ದು ಆಗ. ಅವಳು ಕಿರುಚಲಿಲ್ಲ. ಬುಟ್ಟಿ ಇಳಿಸಿದಳು. ಮೊದಲು ನೋಡಿದ್ದು ಗಂಡನ ಭುಜವನ್ನಲ್ಲ, ಅವನ ಕೈಯನ್ನು. ಗಡ್ಡೆಗೆ ಒತ್ತಿದ ಮುಷ್ಟಿಯನ್ನು ನೋಡಿ ಅವಳಿಗೆ ಏನು ಗೊತ್ತಾಗಬೇಕೋ ಗೊತ್ತಾಯಿತು. ಕಿವಿತಮ್ಮನ ಹತ್ತಿರ ಹೋಗಿ ಕೊಕ್ಕೆಯ ಹಿಡಿಯನ್ನು ಹಿಡಿದುಕೊಂಡಳು. ಬಿಡು ಎಂದಳು. ಹೆಂಗಸಿನ ಜೊತೆ ಎಳೆದಾಡಲು ಅವನಿಗೆ ನಾಚಿಕೆಯಾಯಿತೋ ಏನೋ, ಬಿಟ್ಟ.

ಅವಳು ಕೊಕ್ಕೆಯನ್ನು ಗಂಡನ ಭುಜದಿಂದ ಬಿಡಿಸಿದಳು, ಮೀನಿನ ಬಾಯಿಂದ ಗಾಳ ಬಿಡಿಸುವಷ್ಟು ನಾಜೂಕಾಗಿ. ತಲೆಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿ ಗಾಯಕ್ಕೆ ತುರುಕಿದಳು. ಆಮೇಲೆ, ಏನಾಯಿತು, ಯಾವ ಪುಸ್ತಕ ಎಂದು ಕೇಳಿದಳು. ಯಾರೋ ಹೇಳಿದರು.

“ಅದಾ?” ಎಂದಳು. “ಗುಮಾಸ್ತ್ರು ಎಲ್ಲಿ?”

ನಾನು ಬಾಗಿಲ ಹಿಂದಿನಿಂದ, ಬಿಲ್ ಹುಡುಕುತ್ತಿದ್ದವನಂತೆ ಹೊರಗೆ ಬಂದೆ.

“ಅದನ್ನ ಇವನು ದಿನಾ ಸಂಜೆ ಮನೇಲಿ ಗಟ್ಟಿಯಾಗಿ ಓದ್ತಿದ್ದ. ನಾನು ಮೀನು ಕುಯ್ತಾ ಕೂತು ಪೂರಾ ಕೇಳಿದೀನಿ. ಕೇಳಿದವರಿಗೂ ಹಕ್ಕಿದೆಯೋ ಇಲ್ವೋ?”

ಅವನು ಹೆಂಡತಿಗೆ ಓದಿ ಹೇಳುತ್ತಿದ್ದ ವಿಷಯ ನಮಗೆ ತಿಳಿದದ್ದೇ ಆ ಗಳಿಗೆಯಲ್ಲಿ. ನಿಯಮದಲ್ಲಿ ಅಂಥದ್ದೇನೂ ಬರೆದಿರಲಿಲ್ಲ, ನಿಯಮವೇ ಬರೆದಿರಲಿಲ್ಲ. ನಾನು ಅವಳ ಕೈಯಲ್ಲಿದ್ದ ಕೊಕ್ಕೆ ನೋಡಿದೆ. ಕೇಳಿದರೂ ಓದಿದ ಹಾಗೆಯೇ ಎಂದೆ. ಹೆದರಿಕೆಯಲ್ಲಿ ನಾನು ಕೊಟ್ಟ ಎಷ್ಟೋ ತೀರ್ಪುಗಳಲ್ಲಿ ಇದೊಂದು ಸರಿಯಾಗಿತ್ತು ಎಂದು ಈಗಲೂ ನನ್ನ ನಂಬಿಕೆ. ಪದ್ಧತಿಯಂತೆ ಪ್ರಶ್ನೆಯನ್ನೂ ಕೇಳಿದೆ: ಕೊನೆಯಲ್ಲಿ ಏನಾಗುತ್ತದೆ?

“ಸ್ಟೇಷನ್ನಲ್ಲಿ ಇಬ್ಬರೂ ತಬ್ಬಿಕೊಂಡು ಅಳ್ತಾರೆ. ಟಿಕೆಟ್ ಕೊಡೋನೂ ಅಳ್ತಾನೆ. ಮಳೇನೂ ಬರುತ್ತೆ. ಅಳೋಕೆ ನಮಗೇನೂ ಉಳಿಸಿಲ್ಲ.” ಕೊಕ್ಕೆಯನ್ನು ನನ್ನ ಕೈಗೆ ಕೊಟ್ಟಳು. “ಇದು ಕಾರಣ.”

ಮೀನಿನ ಬುಟ್ಟಿ ಹೊತ್ತು, ಕತ್ತಿಯಲ್ಲಿ ಮೂಳೆ ಕಡಿದು ಗಟ್ಟಿಯಾದ ತೋಳು ಅವಳದ್ದು. ತೋಳಿಗೇ ಹೊಡೆಯಬೇಕೆಂಬುದು ಅವಳಿಗೆ ಗೊತ್ತಿತ್ತೋ ಇಲ್ಲವೋ, ಹೊಡೆದದ್ದು ದವಡೆಗೆ. ಕಿವಿತಮ್ಮ ಪುಡಿ ಐಸಿನ ರಾಶಿಯ ಮೇಲೆ ಹೋಗಿ ಬಿದ್ದ. ಒಂದು ಹಲ್ಲು ಅವನಿಗಿಂತ ಮುಂಚೆ ಅಲ್ಲಿಗೆ ತಲುಪಿತ್ತು. ತೀರ್ಪುಗಾರನಾಗಿ ನಾನು ಆಕ್ಷೇಪಿಸಬೇಕಿತ್ತು. ಆಕ್ಷೇಪಿಸಲಿಲ್ಲ.

ಅವಳು ಅವನ ಮೇಲೆ ಬಗ್ಗಿ ನಿಂತು, ದನಿ ತಗ್ಗಿಸಿ ಹೇಳಿದಳು:

“ನಿನ್ನ ಯೋಗ್ಯತೆ ಸಾಲದು ಅಂತ ಅವನು ಸುಳ್ಳು ಹೇಳಿದ್ದಲ್ಲ ತಮ್ಮಾ. ಅವನು ಕೈ ಎತ್ತಿದ್ರೆ ನಾನು ಮನೆ ಬಿಡ್ತೀನಿ ಅಂತ ಮಾತಾಗಿದೆ. ನಿಮ್ಮಣ್ಣನ ಬಾಯಿಗೆ ನಿಮ್ಮಮ್ಮ ಗಂಜಿ ಬಿಡೋದನ್ನ ನಾನು ನೋಡಿದೀನಿ. ಅವತ್ತು ಆದ ಮಾತು.”

ಕಿವಿತಮ್ಮ ರಕ್ತ ಉಗುಳಿದ. ಮತ್ತೆ ಏಳುತ್ತಾನೆ, ಇನ್ನೊಂದು ಕೊಕ್ಕೆ ಹುಡುಕುತ್ತಾನೆ ಎಂದು ನಾವೆಲ್ಲ ಕೊಕ್ಕೆ ಬೆನ್ನ ಹಿಂದೆ ಹಿಡಿದು ನಿಂತಿದ್ದೆವು. ಅವನು ಅವಳನ್ನು ನೋಡಿದ. ಅವಳಾಚೆ, ಗಡ್ಡೆಯಿಂದ ಕೈ ಬಿಡಿಸಿಕೊಳ್ಳಲಾಗದೆ ಒದ್ದಾಡುತ್ತಿದ್ದ ಗುದ್ದಣ್ಣನನ್ನು ನೋಡಿದ. ಮುಷ್ಟಿಯ ಚರ್ಮ ಐಸಿಗೆ ಅಂಟಿಹೋಗಿತ್ತು. ನೀರು ಹೊಯ್ದು ಬಿಡಿಸಬೇಕಾಯಿತು.

“ಅಕ್ಕಾ,” ಎಂದ ಕಿವಿತಮ್ಮ, ಊದಿದ ಬಾಯಿಯಲ್ಲಿ. “ಆ ಕತೇಲಿ ತಮ್ಮ, ಅಣ್ಣನ ಬೂಟು ಹಾಕ್ಕೊಂಡು ಕೆಲಸಕ್ಕೆ ಹೋಗೋದು, ಅದೂ ಚೆನ್ನಾಗಿಲ್ವಾ?”

ಮೀನಕ್ಕ ಯೋಚಿಸಿದಳು.

“ಅದು ಪರವಾಗಿಲ್ಲ,” ಎಂದಳು.

ಯಜಮಾನರು ಬಂದು ಕೇಳಿದಾಗ, ಗಡ್ಡೆ ಜಾರಿತು, ಕೊಕ್ಕೆ ತಗುಲಿತು ಎಂದ ಗುದ್ದಣ್ಣ. ಹಲ್ಲು ಯಾರದ್ದು ಎಂದರು. ಅದೂ ಗಡ್ಡೆಯದ್ದೇ ಎಂದು ಯಾರೋ ಹೇಳಿದರು. ಭುಜದ ಹೊಲಿಗೆ ಒಣಗಿದ ಮೇಲೂ ಅವನ ಬಲಗೈ ಕಿವಿಯ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಈಗ ಮಾತು ಉಳಿಸಿಕೊಳ್ಳುವುದು ಸುಲಭವಾಯಿತಲ್ಲ ಎಂದು ನಾನು ತಮಾಷೆ ಮಾಡಿದೆ. ಇಲ್ಲ ಗುಮಾಸ್ತ್ರೇ, ಎಡಗೈ ಕಲಿಯುತ್ತಿದೆ, ಅದನ್ನೂ ಕಾಯಬೇಕು ಎಂದ, ನಗದೆ.

ಕಿವಿತಮ್ಮ ತನ್ನ ಮುಚ್ಚಳದ ಆ ಸಾಲನ್ನು ಅಳಿಸಲಿಲ್ಲ. ಓದಿದವರೆಲ್ಲ ಅವನಿಗೆ ಹೊಡೆದರು. ಅವನು ತೋಳು ಕೊಟ್ಟು, ಬೂಟಿನ ಭಾಗ ಬಿಟ್ಟು ಹೊಡಿ ಎನ್ನುತ್ತಿದ್ದ. ನಾನೂ ಓದಿದೆ. ಸ್ಟೇಷನ್ನಿನ ದೃಶ್ಯಕ್ಕೆ ನನಗೆ ಧಾರಾಕಾರ ಅಳು ಬಂತು. ಆದರೆ ಅದನ್ನು ಹೇಳೋಣವೆಂದು ಅಂಗಳಕ್ಕೆ ಹೋದ ದಿನ ಮೀನಕ್ಕ ಅಲ್ಲೇ ಇದ್ದಳು. ಇನ್ನೂ ಸ್ವಲ್ಪ ಇದೆ ಎಂದು ವಾಪಸು ಬಂದೆ.

ಗುದ್ದಣ್ಣನ ಪಟ್ಟಿಯನ್ನು ಕಿವಿತಮ್ಮ ಬಿಡಲಿಲ್ಲ. ಕ್ಷಮಿಸಿದೆಯಾ ಎಂದು ಒಮ್ಮೆ ನಾನು ಕೇಳಿದ್ದಕ್ಕೆ, ಅಣ್ಣನಿಗೆ ಕಿವಿ ಬಂತಾ ಎಂದು ತಿರುಗಿ ಕೇಳಿದ. ಈಗಲೂ ಪುಸ್ತಕ ಮುಗಿಸಿ ಬರುತ್ತಾನೆ, ಅರ್ಧ ಗಂಟೆ ವಾದಿಸುತ್ತಾನೆ, ಗುದ್ದಣ್ಣನ ಎಡತೋಳಿಗೆ ಒಂದು ಕೊಡುತ್ತಾನೆ, ಭುಜ ನೋವಾಯಿತಾ ಎಂದು ಕೇಳುವುದಿಲ್ಲ. ಮೊನ್ನೆ ಕಚೇರಿಯ ಕಿಟಕಿಗೆ ಬಂದು ದೂರು ಕೊಟ್ಟ.

“ಗುಮಾಸ್ತ್ರೇ, ಇದು ಮೋಸ. ನಾನು ಒಂದು ಮುಗಿಸೋದ್ರೊಳಗೆ ಅವನು ಎರಡು ಬರೀತಾನೆ. ಮುಚ್ಚಳ ತುಂಬಿ ಪಕ್ಕದ ಮುಚ್ಚಳಕ್ಕೆ ಹೋಗಿದಾನೆ. ನಾನು ಯಾವಾಗ ಮುಗಿಸೋದು?”

ನಿಯಮದಲ್ಲಿ ಅದಕ್ಕೆ ಅಡ್ಡಿಯಿಲ್ಲ ಎಂದೆ. ಅವನು ನನ್ನನ್ನು ಬೈದು, ಮುಂದಿನ ಪುಸ್ತಕದ ಗುರುತು ಏನೆಂದು ನೋಡಲು ಮುಚ್ಚಳದ ಕಡೆ ಹೋದ.